ಸ್ವರದ ಮನೆಯಿಂದ ಬೆಳಕಿನ ಮನೆಗೆ

ಛಾಯಾಚಿತ್ರವು ಕಲೆಯೊ ಯಂತ್ರಕೌಶಲವೊ ಎಂಬ ವಾದವು ಹಳೆಯದು. ಚಿತ್ರಗಾರನು ಕುಂಚವನ್ನು ಹಿಡಿದು ತಿಂಗಳುಗಟ್ಟಲೆ ದುಡಿದು ಪಡೆಯುವುದನ್ನು ಇವನು ಒಂದು ಗುಂಡಿಯನ್ನೊತ್ತಿ ಪಡೆಯುತ್ತಾನಲ್ಲ, ಇದರಲ್ಲಿ ಪ್ರತಿಭೆಗೆ ಎಡೆಯೆಲ್ಲಿ ಎಂದು ಕೇಳುವವರು ನಮ್ಮಲ್ಲಿ ಇಂದಿಗೂ ಉಂಟು. ಮಕ್ಕಳ ಅಂಗೈಯಲ್ಲಿಯೂ ಕ್ಯಾಮೆರಾ ಇರುವ ಈ ಕಾಲದಲ್ಲಿ ಆ ಪ್ರಶ್ನೆ ಇನ್ನಷ್ಟು ಮೊನಚಾಗಿದೆ. ವಾದವನ್ನು ವಾದದಿಂದಲೇ ತೀರಿಸಹೊರಡುವುದಕ್ಕಿಂತ ಒಬ್ಬ ಕಲಾವಿದನ ಬಾಳನ್ನೂ ಕೃತಿಯನ್ನೂ ಎದುರಿಗಿಟ್ಟುಕೊಂಡು ನೋಡುವುದು ಲೇಸೆಂದು ನಮಗೆ ತೋರುತ್ತದೆ. ಆದಕಾರಣ ಅಮೆರಿಕದ ಆನ್ಸೆಲ್ ಆಡಮ್ಸನ ಕಲಿಕೆಯ ದಿನಗಳನ್ನು ಇಲ್ಲಿ ಎತ್ತಿಕೊಂಡಿದ್ದೇವೆ. ಆತನು 1984ರಲ್ಲಿ ತೀರಿಕೊಂಡನು. ಮರುವರ್ಷ ಆತನ ಆತ್ಮಚರಿತ್ರೆಯೂ, 1988ರಲ್ಲಿ ಪತ್ರಗಳ ಸಂಗ್ರಹವೂ ಪ್ರಕಟವಾದುವು. ಪರ್ವತಗಳ ಪಟ ತೆಗೆದ ಹಿರಿಯನೆಂದು ಲೋಕವು ಆತನನ್ನು ಬಲ್ಲದು. ಇಪ್ಪತ್ತೆಂಟು ವರ್ಷ ತುಂಬುವವರೆಗೂ ಆತನು ತನ್ನನ್ನು ಸಂಗೀತಗಾರನೆಂದೇ ಎಣಿಸಿಕೊಂಡಿದ್ದನೆಂಬುದನ್ನು ಬಲ್ಲವರು ಕಡಮೆ.

ಆಡಮ್ಸನು ಹುಟ್ಟಿದ್ದು 1902ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ. 1906ರ ಮಹಾಭೂಕಂಪದ ದಿನ ನಾಲ್ಕು ವರ್ಷದ ಈ ಶಿಶು ತೋಟದ ಗೋಡೆಗೆ ಬಡಿದು ಮೂಗು ಮುರಿದುಕೊಂಡನು. ಆ ಸೊಟ್ಟು ಕಡೆಯವರೆಗೂ ನೇರವಾಗಲಿಲ್ಲ. ಶಾಲೆಯಲ್ಲಿ ಒಂದು ಗಳಿಗೆ ಕುಳಿತಿರಲಾರದ ಚಂಚಲ ಬಾಲಕ. ತಂದೆಯು ಹಣದ ಮುಗ್ಗಟ್ಟಿನಲ್ಲಿದ್ದರೂ ಮಗನ ವಿಷಯದಲ್ಲಿ ಬಹು ಸೈರಣೆಯುಳ್ಳವನು. ಶಾಲೆಯನ್ನು ಬಿಡಿಸಿ ಮನೆಯಲ್ಲಿಯೇ ಪಾಠದ ಏರ್ಪಾಡು ಮಾಡಿದನು. 1915ರಲ್ಲಿ ಆ ಊರಲ್ಲಿ ನಡೆದ ಪನಾಮಾ–ಪೆಸಿಫಿಕ್ ಮಹಾಪ್ರದರ್ಶನಕ್ಕೆ ಇಡೀ ವರ್ಷದ ಟಿಕೇಟು ತೆಗೆಸಿಕೊಟ್ಟು, ಇದೇ ನಿನ್ನ ಶಾಲೆಯೆಂದು ಬಿಟ್ಟುಬಿಟ್ಟನು. ಇಂತಹ ತಂದೆಯರು ಎಲ್ಲ ದೇಶಗಳಲ್ಲಿಯೂ ವಿರಳ.

ಹುಡುಗನನ್ನು ಕಟ್ಟಿಹಾಕಿದ್ದು ಪಿಯಾನೋ. ಹನ್ನೆರಡನೆಯ ವಯಸ್ಸಿನಲ್ಲಿ ತಾನಾಗಿ ನುಡಿಸತೊಡಗಿದವನನ್ನು ಮೇರಿ ಬಟ್ಲರ್ ಎಂಬ ಉಪಾಧ್ಯಾಯಿನಿಗೆ ಒಪ್ಪಿಸಿದರು. ಆಕೆಯ ಬಳಿ ವಿನಾಯಿತಿಯೆಂಬುದಿರಲಿಲ್ಲ. ಒಂದು ಸ್ವರ ಜಾರಿದರೂ ಮೊದಲಿಂದ. ನಮ್ಮಲ್ಲಿ ಮಾಯಾಮಾಳವಗೌಳದ ಸರಳೆ ವರಸೆ, ಜಂಟಿ ವರಸೆಗಳನ್ನು ಮೂರು ಕಾಲಗಳಲ್ಲಿ ಹಾಡಿಸಿ ಹಾಡಿಸಿ ಮಕ್ಕಳ ಕಣ್ಣಲ್ಲಿ ನೀರು ತರಿಸುವ ಗುರುಗಳನ್ನು ಕಂಡವರಿಗೆ ಈ ಶಿಕ್ಷಣದ ಬಗೆಯನ್ನು ವಿವರಿಸಬೇಕಾಗಿಲ್ಲ. ಮಮ್ಮಟನು ಕಾವ್ಯಕ್ಕೆ ಹೇಳಿದ ಮೂರು ಹೇತುಗಳಲ್ಲಿ ಶಕ್ತಿಯನ್ನು ದೇವರು ಕೊಟ್ಟಿದ್ದಿರಬಹುದು. ಅಭ್ಯಾಸವೆಂಬುದನ್ನು ಆಡಮ್ಸನಿಗೆ ಕೊಟ್ಟದ್ದು ಈ ಪಿಯಾನೋ. ಆತನು ಛಾಯಾಚಿತ್ರಣದ ಯಾವ ಶಾಲೆಗೂ ಹೋದವನಲ್ಲ. ಚಿತ್ರಗಳನ್ನು ತೊಳೆದುಕೊಡುವ ಅಂಗಡಿಯೊಂದರಲ್ಲಿ ಕೆಲಸಮಾಡಿ ಕತ್ತಲೆಕೋಣೆಯ ಒಳಹೊರಗನ್ನು ಕಲಿತನು, ಅಷ್ಟೇ. ಆದರೂ ಮುಂದೆ ಅಲ್ಲಿ ಆತನು ತೋರಿದ ಕಟ್ಟುನಿಟ್ಟು ಬಟ್ಲರಮ್ಮನ ಪಾಠದ್ದೇ. ಶಾಲೆ ಕಾಣದ ಈ ವಿದ್ಯಾರ್ಥಿಯೇ 1946ರ ಹೊತ್ತಿಗೆ ತನ್ನೂರಿನ ಲಲಿತಕಲೆಗಳ ಶಾಲೆಯಲ್ಲಿ ಛಾಯಾಚಿತ್ರಣಕ್ಕಾಗಿ ಪ್ರತ್ಯೇಕ ವಿಭಾಗವನ್ನು ಕಟ್ಟಿದನೆಂಬುದು ವಿನೋದದ ಸಂಗತಿ.

ಕ್ಯಾಮೆರಾ ಬಂದದ್ದು 1916ರಲ್ಲಿ. ಯೊಸೆಮಿಟಿ ಕಣಿವೆಗೆ ಯಾತ್ರೆ ಹೋದಾಗ ತಂದೆತಾಯಿಗಳು ಒಂದು ಸಾಧಾರಣ ಬಾಕ್ಸ್ ಬ್ರೌನಿಯನ್ನು ಕೈಗಿತ್ತರು. ಹುಡುಗನು ಕೊಳೆತ ಮರದ ಬೊಡ್ಡೆಯೊಂದನ್ನು ಹತ್ತಿ ಹಾಫ್ ಡೋಮ್ ಎಂಬ ಮಹಾಶಿಲೆಯ ಪಟ ತೆಗೆಯಹೋಗಿ ತಲೆಕೆಳಗಾಗಿ ಬಿದ್ದನು. ಬೀಳುವಾಗ ಗುಂಡಿ ಒತ್ತಿಹೋಯಿತು. ಬೆಟ್ಟವು ತಲೆಕೆಳಗಾಗಿ ಮೂಡಿದ್ದನ್ನು ಕಂಡು ತೊಳೆಯುವವನು ಬೆರಗಾದನಂತೆ. ಹನ್ನೊಂದು ವರ್ಷಗಳ ತರುವಾಯ ಇದೇ ಶಿಲೆಯು ಆತನ ಬಾಳನ್ನು ತಿರುಗಿಸಿತು. ಅದನ್ನು ಮುಂದೆ ಹೇಳುತ್ತೇವೆ.

1920ರಿಂದ ಕೆಲವು ಬೇಸಗೆಗಳಲ್ಲಿ ಆತನು ಅದೇ ಕಣಿವೆಯಲ್ಲಿ ಸಿಯೆರಾ ಕ್ಲಬ್ಬಿನ ವಸತಿಗೃಹವೊಂದರ ಪಾರುಪತ್ಯ ನೋಡಿಕೊಂಡನು. ಕತ್ತೆಯ ಮೇಲೆ ಸಾಮಾನು ಹೇರಿಕೊಂಡು ಬೆಟ್ಟ ಅಲೆಯುವುದು, ಬಂದವರಿಗೆ ದಾರಿ ತೋರುವುದು, ಸಿಕ್ಕಿದಲ್ಲಿ ಪಟ ತೆಗೆಯುವುದು, ಇದು ದಿನಚರಿ. ಒಂದೇ ಕೊರತೆ, ಪಿಯಾನೋ ಇಲ್ಲ. ಹಾಗಿರಲು ಹ್ಯಾರಿ ಬೆಸ್ಟ್ ಎಂಬ ಚಿತ್ರಗಾರನ ಅಂಗಡಿಯಲ್ಲಿ ಒಂದು ಪಿಯಾನೋ ಉಂಟೆಂದು ತಿಳಿಯಿತು. ಸಾಧನೆ ತಪ್ಪದಿರಲೆಂದು ಅಲ್ಲಿಗೆ ಹೋಗಿಬರತೊಡಗಿದನು. ಅಂಗಡಿಯವನಿಗೆ ವರ್ಜೀನಿಯಾ ಎಂಬ ಮಗಳಿದ್ದಳು. ಆಕೆಯೂ ಹಾಡುಗಾರಿಕೆಯನ್ನು ಶಾಸ್ತ್ರೋಕ್ತವಾಗಿ ಕಲಿಯುತ್ತಿದ್ದವಳು. ಮುಂದಿನದನ್ನು ವಾಚಕರು ಊಹಿಸಬಲ್ಲರು. ಆದರೆ ಕಥೆಗಳಲ್ಲಿ ಆಗುವಷ್ಟು ಬೇಗ ಆಗಲಿಲ್ಲ. ಹುಡುಗನು ಪತ್ರಗಳನ್ನು ಬರೆದನು. ಮಾತು ನಿಶ್ಚಯವಾಯಿತು, ಮುರಿಯಿತು, ಮತ್ತೆ ಕೂಡಿತು. ಸಂಗೀತದಲ್ಲಿ ನೆಲೆ ನಿಲ್ಲದೆ ಸಂಸಾರವನ್ನು ಕಟ್ಟುವುದೆಂತು ಎಂಬ ಚಿಂತೆ ಆತನದು. 1925ರಲ್ಲಿ ಕಷ್ಟಪಟ್ಟು ಮೇಸನ್ ಮತ್ತು ಹ್ಯಾಮ್ಲಿನ್ ಕಾರ್ಖಾನೆಯ ದೊಡ್ಡ ಪಿಯಾನೋ ಒಂದನ್ನು ಕೊಂಡನು. ಮದುವೆಯಾದದ್ದು 1928ರ ಜನವರಿ 2ರಂದು, ಅದೇ ಬೆಸ್ಟನ ಅಂಗಡಿಯಲ್ಲಿ.

ಮದುವೆಗೆ ಹಿಂದಿನ ವರ್ಷ, 1927ರ ಏಪ್ರಿಲ್ 10ರಂದು, ವರ್ಜೀನಿಯಾಳನ್ನೂ, ಪಿಟೀಲುವಾದಕನಾದ ಗೆಳೆಯ ಸೆಡ್ರಿಕ್ ರೈಟ್ ಮೊದಲಾದವರನ್ನೂ ಕೂಡಿಕೊಂಡು ಆಡಮ್ಸನು ಹಿಮ ಬಿದ್ದಿದ್ದ ಬೆಟ್ಟವನ್ನೇರಿದನು. ಬೆನ್ನ ಮೇಲೆ ದೊಡ್ಡ ಕ್ಯಾಮೆರಾ, ಮೂರುಕಾಲಿನ ಹಲಗೆ, ಹನ್ನೆರಡು ಗಾಜಿನ ಪ್ಲೇಟುಗಳು. ದಾರಿಯಲ್ಲಿಯೇ ಹೆಚ್ಚಿನವು ಮುಗಿದುವು. ಹಾಫ್ ಡೋಮಿನ ಎದುರಿಗಿರುವ ಕೋಡುಗಲ್ಲನ್ನು ಮುಟ್ಟಿ, ಬಿಸಿಲು ಶಿಲೆಯ ಮುಖಕ್ಕೆ ತಿರುಗುವವರೆಗೂ ಕಾದು, ಹಳದಿ ಗಾಜನ್ನು ಲೆನ್ಸಿನ ಮುಂದಿಟ್ಟು ಒಂದು ಪಟ ತೆಗೆದನು. ತೆಗೆದ ಕೂಡಲೇ ಮನಸ್ಸಿಗೆ ಹೊಳೆಯಿತು: ಇದರಲ್ಲಿ ಮೂಡುವುದು ಶಿಲೆಯ ಆಕಾರ, ಅದರ ಮುಂದೆ ನಿಂತ ತನಗಾದ ಭೀತಿಯೂ ಭವ್ಯತೆಯೂ ಮೂಡವು. ಉಳಿದದ್ದು ಒಂದೇ ಪ್ಲೇಟು. ಹಳದಿ ಗಾಜನ್ನು ತೆಗೆದು ಕಡುಗೆಂಪು ಗಾಜನ್ನಿಟ್ಟು ಐದು ಸೆಕೆಂಡು ಬೆಳಕನ್ನು ಬಿಟ್ಟನು. ಕೆಂಪು ಗಾಜು ಆಕಾಶದ ನೀಲಿಯನ್ನು ತಡೆಯುತ್ತದೆ. ನೆರಳುಗಳಿಗೆ ಬೆಳಕು ಬರುವುದೂ ಆ ನೀಲಿಯಿಂದಲೇ ಆದುದರಿಂದ ಅವೂ ಕಪ್ಪಾಗುತ್ತವೆ. ಹೀಗೆ ಹಗಲಿನ ಆಕಾಶವು ಪಟದಲ್ಲಿ ಸುಮಾರು ಕಾಡಿಗೆಯ ಬಣ್ಣಕ್ಕೆ ಇಳಿಯಿತು, ಶಿಲೆಯು ಅದರೊಳಗಿಂದ ಎದ್ದುನಿಂತಿತು. ‘ಏಕಶಿಲೆ, ಹಾಫ್ ಡೋಮಿನ ಮುಖ’ ಎಂದು ಪ್ರಸಿದ್ಧವಾದ ಚಿತ್ರವು ಇದು.

ಇಲ್ಲಿ ತಾಯಿಯ ಮಾತನ್ನು ತರಬೇಕು. 1930ರಲ್ಲಿ ಟಾವೋಸ್ ಎಂಬಲ್ಲಿ ಪಾಲ್ ಸ್ಟ್ರ್ಯಾಂಡನ ನೆಗೆಟಿವ್‌ಗಳನ್ನು ನೋಡಿ ಬಂದ ಆಡಮ್ಸನು ಇನ್ನು ಛಾಯಾಚಿತ್ರವೇ ತನ್ನ ವೃತ್ತಿಯೆಂದು ಮನೆಯಲ್ಲಿ ತಿಳಿಸಿದನು. ತಾಯಿಯೂ ಚಿಕ್ಕಮ್ಮನೂ ಮರುಗಿದರು. ಪಿಯಾನೋವನ್ನು ಬಿಡಬೇಡ, ಕ್ಯಾಮೆರಾಕ್ಕೆ ಮನುಷ್ಯನ ಆತ್ಮವನ್ನು ನುಡಿಯಲು ಬಾರದು ಎಂಬುದು ಅವರ ಅಳಲು. ಕ್ಯಾಮೆರಾಕ್ಕೆ ಬಾರದಿರಬಹುದು, ಅದನ್ನು ಹಿಡಿದವನಿಗೆ ಬಂದೀತು ಎಂದು ಆತನು ಉತ್ತರವಿತ್ತನಂತೆ. ಉತ್ತರವು ಚತುರವಾಗಿದೆ. ಆದರೆ ತಾಯಿಯ ಮಾತನ್ನು ಅಷ್ಟು ಹಗುರವಾಗಿ ಕಳೆಯುವುದು ನಮಗೆ ಸರಿಯೆನಿಸದು. ಹದಿನೈದು ವರ್ಷ ಮನೆಯ ಕಷ್ಟದ ನಡುವೆ ಸಂಗೀತದ ಗುರುಗಳಿಗೆ ಹಣ ತೆತ್ತ ಮನೆಯದು. ಆ ತಾಯಿ ಕೇಳಿದ್ದು ಆಲಂಕಾರಿಕರು ಕೇಳಿದ ಪ್ರಶ್ನೆಯನ್ನೇ.

ನಮ್ಮ ಶ್ರೀಶಂಕುಕನು ಚಿತ್ರತುರಗನ್ಯಾಯವನ್ನು ಹೇಳಿದ್ದಾನೆ. ಬರೆದ ಕುದುರೆಯನ್ನು ಕಂಡಾಗ ಇದು ಕುದುರೆಯೇ ಎಂಬ ನಿಶ್ಚಯವಾಗಲಿ, ಅಲ್ಲವೆಂಬ ಬಾಧೆಯಾಗಲಿ, ಹೌದೋ ಅಲ್ಲವೋ ಎಂಬ ಸಂಶಯವಾಗಲಿ, ಕುದುರೆಯಂತಿದೆ ಎಂಬ ಸಾದೃಶ್ಯಬುದ್ಧಿಯಾಗಲಿ ಆಗುವುದಿಲ್ಲ. ಈ ನಾಲ್ಕಕ್ಕೂ ಹೊರತಾದ ಪ್ರತೀತಿಯೊಂದುಂಟು, ಅದು ಕಲೆಯದು. ಛಾಯಾಚಿತ್ರದ ಮೇಲೆ ಹೊರಿಸುವ ದೋಷವು ಇದೇ: ಅದು ನಮ್ಮನ್ನು ಮೊದಲನೆಯ ಪ್ರತೀತಿಯಲ್ಲಿಯೇ ನಿಲ್ಲಿಸುತ್ತದೆ. ಇದು ಇಂಥ ಬೆಟ್ಟ, ಇವರು ಇಂಥ ಅಜ್ಜ. ನಮ್ಮ ಮನೆಗಳ ಗೋಡೆಯ ಮೇಲೆ ಕುರ್ಚಿಯಲ್ಲಿ ಕುಳಿತ ಅಜ್ಜನನ್ನೂ ಪಕ್ಕದಲ್ಲಿ ನಿಂತ ಅಜ್ಜಿಯನ್ನೂ ನೋಡಿ ನಾವು ಹೇಳುವುದೂ ಅಷ್ಟೇ. ಅವರು ಯಾರೆಂದು ಅರಿಯದವನಿಗೆ ಆ ಪಟವು ಏನನ್ನೂ ಹೇಳದು. ಹಳದಿ ಗಾಜಿನ ಪ್ಲೇಟು ಆಡಮ್ಸನಿಗೆ ಕೊಡುತ್ತಿದ್ದದ್ದು ಇಂತಹ ಪಟವನ್ನು. ಕೆಂಪು ಗಾಜಿನದು ಬೇರೆ. ಅಂತಹ ಕಪ್ಪು ಆಕಾಶವನ್ನು ಅಂದು ಅಲ್ಲಿ ನಿಂತ ಯಾರೂ ಕಣ್ಣಿಂದ ಕಾಣಲಿಲ್ಲ. ಆದರೂ ಸುಳ್ಳೆನಿಸದು. ಹಾಫ್ ಡೋಮನ್ನು ಎಂದೂ ಕಾಣದ ನಮಗೂ ಅದರ ಮುಂದೆ ಎದೆ ಝಲ್ಲೆನ್ನುತ್ತದೆ. ಒಬ್ಬನ ಭಾವವು ಎಲ್ಲರದಾಗುವ ಸಾಧಾರಣೀಕರಣವೆಂದರೆ ಇದಲ್ಲದೆ ಮತ್ತೇನು? ಯಂತ್ರವು ತಾನಾಗಿ ಕೊಡಲೊಲ್ಲದ್ದನ್ನು ಮೊದಲೇ ಮನಸ್ಸಿನಲ್ಲಿ ಕಂಡು, ಅನಂತರ ಯಂತ್ರವನ್ನು ಅದಕ್ಕೆ ಬಗ್ಗಿಸಿದ ಕೆಲಸವಿದು. ತಾಯಿಯ ಪ್ರಶ್ನೆಗೆ ಸರಿಯಾದ ಉತ್ತರವು ಆ ಚತುರೋಕ್ತಿಯಲ್ಲಿಲ್ಲ, ಮೂರು ವರ್ಷ ಮೊದಲೇ ಈ ಪ್ಲೇಟಿನಲ್ಲಿತ್ತು.

ಸಂಗೀತವನ್ನು ಬಿಟ್ಟನೆಂಬ ಮಾತೂ ಪೂರ್ತಿ ನಿಜವಲ್ಲ. ನೆಗೆಟಿವ್ ಎಂಬುದು ಸಂಗೀತಗಾರನ ಸ್ವರಲಿಪಿಯಿದ್ದಂತೆ, ಕಾಗದದ ಮೇಲೆ ಮೂಡಿಸುವ ಪ್ರತಿಯು ಕಚೇರಿಯಿದ್ದಂತೆ ಎಂದು ಆತನು ಮತ್ತೆಮತ್ತೆ ಹೇಳುತ್ತಿದ್ದನು. ಪಾಶ್ಚಾತ್ಯರಲ್ಲಿ ಬರೆದ ಸ್ವರವನ್ನು ನುಡಿಸುವವನಿಗೆ ಇರುವ ಸ್ವಾತಂತ್ರ್ಯ ಅಲ್ಪ. ಆದುದರಿಂದ ಈ ಉಪಮಾನವು ಅವರಿಗಿಂತ ನಮಗೇ ಹೆಚ್ಚು ಹೊಂದುವಂತಿದೆ. ಒಂದೇ ಕೀರ್ತನೆಯನ್ನು ಅದೇ ವಿದ್ವಾಂಸರು ಯೌವನದಲ್ಲಿ ಹಾಡಿದ್ದಕ್ಕೂ ಮುಪ್ಪಿನಲ್ಲಿ ಹಾಡಿದ್ದಕ್ಕೂ ಇರುವ ಅಂತರವನ್ನು ರಸಿಕರು ಬಲ್ಲರು. 1941ರಲ್ಲಿ ಹರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರನು ಮೂಡುತ್ತಿದ್ದುದನ್ನು ಕಂಡು ಆಡಮ್ಸನು ತೆಗೆದ ಚಿತ್ರವುಂಟು. ಅಂದು ಬೆಳಕನ್ನಳೆಯುವ ಮಾಪಕವು ಕೈಗೆ ಸಿಗಲಿಲ್ಲ. ಚಂದ್ರನ ಕಾಂತಿಯ ಅಳತೆ ನೆನಪಿನಲ್ಲಿದ್ದುದರಿಂದ ಅದನ್ನೇ ಹಿಡಿದು ಲೆಕ್ಕಹಾಕಿ ಒಂದು ಪಟ ತೆಗೆದನು. ಎರಡನೆಯದಕ್ಕೆ ಸಿದ್ಧನಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಆರಿಹೋಯಿತು. ಆ ಒಂದೇ ನೆಗೆಟಿವ್‌ನಿಂದ ಮುಂದೆ ಸಾವಿರಕ್ಕೂ ಮಿಕ್ಕಿ ಪ್ರತಿಗಳನ್ನು ತನ್ನ ಕೈಯಿಂದ ಮೂಡಿಸಿದನು. ಮೊದಲಿನವುಗಳಲ್ಲಿ ಆಕಾಶದಲ್ಲಿ ಮೋಡದ ತೆಳುಗೆರೆಗಳಿವೆ, ಬೂದುಬಣ್ಣ ಉಳಿದಿದೆ. ಬರಬರುತ್ತ ಆಕಾಶವು ಕಪ್ಪಾಗುತ್ತ ಹೋಯಿತು. ನಮ್ಮ ಅಭಿರುಚಿಗೆ ಮೊದಲಿನವೇ ಹಿತ. ಕಡೆಯವುಗಳಲ್ಲಿ ಚಂದ್ರನು ನಾಟಕದ ಪರದೆಯ ಮೇಲಿನ ಚಂದ್ರನಂತೆ ಕೊಂಚ ಆರ್ಭಟಿಸುತ್ತಾನೆ. ಲೋಕವು ಹೆಚ್ಚಾಗಿ ಮೆಚ್ಚಿದ್ದು ಕಡೆಯವನ್ನು.

1940ರ ಸುಮಾರಿಗೆ ಫ್ರೆಡ್ ಆರ್ಚರನೊಡನೆ ಕೂಡಿ ಆತನು ಕಲ್ಪಿಸಿದ ವಲಯಕ್ರಮವು ಇನ್ನೂ ಸ್ಪಷ್ಟವಾಗಿ ಪಿಯಾನೋದ ಕೂಸು. ಕಡುಗಪ್ಪಿನಿಂದ ಅಚ್ಚಬಿಳುಪಿನವರೆಗೆ ಸೊನ್ನೆಯಿಂದ ಹತ್ತು, ಅಂತು ಹನ್ನೊಂದು ಮೆಟ್ಟಲು. ಒಂದೊಂದು ಮೆಟ್ಟಲಿಗೂ ಬೆಳಕು ಇಮ್ಮಡಿ. ಮಂದ್ರದ ಷಡ್ಜದಿಂದ ಮಧ್ಯದ ಷಡ್ಜಕ್ಕೆ, ಅಲ್ಲಿಂದ ತಾರಕ್ಕೆ ಏರುವಾಗ ತಂತಿಯ ಕಂಪನವೂ ಇಮ್ಮಡಿಯಾಗುತ್ತದೆ. ಕಿವಿಯೂ ಕಣ್ಣೂ ಅಳೆಯುವುದು ಮೊತ್ತವನ್ನಲ್ಲ, ಪ್ರಮಾಣವನ್ನು ಎಂಬ ತತ್ತ್ವವನ್ನು ಆತನು ಬೆರಳಿನಿಂದ ಕಲಿತು ಕಣ್ಣಿಗೆ ತಂದನು.

ಆದರೆ ನಮ್ಮ ಆಕ್ಷೇಪವೂ ಇಲ್ಲಿಯೇ ಹುಟ್ಟುತ್ತದೆ. ಪಿಯಾನೋದಲ್ಲಿ ಗಮಕವಿಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ ಜಾರುವ, ಎರಡರ ನಡುವೆ ತೂಗುವ ನಾದವು ಆ ವಾದ್ಯಕ್ಕೆ ಅಸಾಧ್ಯ. ಆಡಮ್ಸನ ಚಿತ್ರಗಳನ್ನು ಒಂದರ ಮೇಲೊಂದು ನೋಡುತ್ತ ಹೋದರೆ ಸ್ವರಸ್ಥಾನಗಳ ಈ ಶುದ್ಧಿಯು ಮೊದಲು ಬೆರಗನ್ನೂ ಆಮೇಲೆ ತುಸು ದಣಿವನ್ನೂ ತರುತ್ತದೆ. ಎಳವೆಯಲ್ಲಿ ಆತನೂ ಅಂದಿನ ಪದ್ಧತಿಯಂತೆ ಮಸುಕು ಮಸುಕಾದ ಚಿತ್ರಗಳನ್ನು ತೆಗೆದದ್ದುಂಟು. 1932ರಲ್ಲಿ ಎಡ್ವರ್ಡ್ ವೆಸ್ಟನ್, ಇಮೊಜೆನ್ ಕನ್ನಿಂಗ್‌ಹ್ಯಾಮ್ ಮೊದಲಾದವರೊಡನೆ ಸೇರಿ ‘ಎಫ್ 64’ ಎಂಬ ಕೂಟವನ್ನು ಕಟ್ಟಿದಾಗ ಆ ಮಸುಕನ್ನು ಬಹಿಷ್ಕರಿಸಿದನು. ಮಸುಕು ಗಮಕವಲ್ಲ, ಅಪಸ್ವರವನ್ನು ಮುಚ್ಚುವ ಉಪಾಯ, ಬಿಟ್ಟದ್ದು ಒಳ್ಳೆಯದೇ. ಆದರೆ ಕಣಿವೆಯಿಂದ ಬಿರುಗಾಳಿ ಸರಿದುಹೋಗುತ್ತಿರುವ ಆ ಚಳಿಗಾಲದ ಚಿತ್ರವೊಂದರಲ್ಲಿ ಮೋಡವು ಬಂಡೆಯಿಂದ ಬಂಡೆಗೆ ಜಾರುವಾಗ, ಎಲ್ಲಿ ಬಿಳುಪು ತೀರಿತು ಎಲ್ಲಿ ಬೂದು ಮೊದಲಾಯಿತೆಂದು ತಿಳಿಯದಾಗುವಾಗ, ಆತನಿಗೆ ಪಿಯಾನೋವನ್ನು ಮೀರಿದ ಸಂಗೀತವೂ ಕೈವಶವಾಗಿತ್ತೆಂದು ಕಾಣುತ್ತದೆ. ಅಂತಹವು ಇನ್ನಷ್ಟು ಇರಬಾರದಿತ್ತೆ ಎಂದು ಮನಸ್ಸು ಕೇಳುತ್ತದೆ.

ಇನ್ನೊಂದು ಮಾತು. ಏಕಶಿಲೆಯ ಚಿತ್ರವು ಮೂಡಿದ ಗಳಿಗೆಯಲ್ಲಿ ಪಕ್ಕದಲ್ಲಿ ವರ್ಜೀನಿಯಾ ಇದ್ದಳು. ಚಿತ್ರದಲ್ಲಿ ಆಕೆಯ ಸುಳಿವಿಲ್ಲ. ಇದ್ದಿದ್ದರೆ ಚಿತ್ರವು ಕೆಡುತ್ತಿತ್ತು, ಒಪ್ಪಿದೆವು. ಆದರೆ ಆತನ ಪ್ರಸಿದ್ಧ ಚಿತ್ರಗಳಲ್ಲೆಲ್ಲ ಮನುಷ್ಯರು ತೀರ ವಿರಳ. ಪತ್ರಗಳಲ್ಲಿ ಇಷ್ಟು ಮಾತಾಡುವ, ನಗುವ, ಪ್ರೀತಿಸುವ ಮನುಷ್ಯನು ಕ್ಯಾಮೆರಾದ ಹಿಂದೆ ನಿಂತ ಕೂಡಲೇ ಸಂನ್ಯಾಸಿಯಾಗುತ್ತಾನೆ. ಸಂಸಾರದ ಭಾರವು ಯಾರ ಮೇಲೆ ಬಿತ್ತೆಂಬುದನ್ನೂ ಹೇಳಬೇಕು. 1936ರಲ್ಲಿ ತಂದೆ ತೀರಿಕೊಂಡಮೇಲೆ ಅಂಗಡಿಯು ವರ್ಜೀನಿಯಾಳ ಕೈಗೆ ಬಂದಿತು. ಎರಡು ಮಕ್ಕಳನ್ನು ಸಾಕುತ್ತ ಅದನ್ನು ನಡೆಸಿದವಳು ಆಕೆ. ಗಂಡನು ಬೆಟ್ಟಗಳಲ್ಲಿ, ಸಭೆಗಳಲ್ಲಿ, ಕತ್ತಲೆಕೋಣೆಯಲ್ಲಿ. ಆತನು ಪಿಯಾನೋವನ್ನು ಬಿಟ್ಟದ್ದರ ಮೇಲೆ ಪುಟಗಟ್ಟಲೆ ಬರೆದಿದ್ದಾರೆ; ಆಕೆಯ ಹಾಡು ನಿಂತದ್ದರ ಮೇಲೆ ಬರೆದದ್ದು ನಾಲ್ಕು ಸಾಲೂ ಇರಲಾರದು.

ಮೇಸನ್–ಹ್ಯಾಮ್ಲಿನ್ ಪಿಯಾನೋವನ್ನು ಆಡಮ್ಸನು ಮಾರಲಿಲ್ಲ. ಮುಪ್ಪಿನಲ್ಲಿಯೂ ಕಾರ್ಮೆಲಿನ ಮನೆಯಲ್ಲಿ ಅದು ಇತ್ತು. 1982ರಲ್ಲಿ ಆತನಿಗೆ ಎಂಬತ್ತು ತುಂಬಿದಾಗ ವಿಖ್ಯಾತ ವಾದಕನಾದ ವ್ಲಾಡಿಮಿರ್ ಆಶ್ಕೆನಾಜಿಯು ಆ ಮನೆಗೆ ಬಂದು ನುಡಿಸಿದನು. ವೃದ್ಧನು ಕುಳಿತು ಕೇಳಿದನು.