ಹಳೆಯ ಸಂಚಿಕೆಯ ಎರಡನೇ ಓದು

ಅಮೆರಿಕದ ಸೂಪರ್‌ಹೀರೋ ಕಾಮಿಕ್ಸ್ ಶುರುವಾದದ್ದು 1938ರಲ್ಲಿ. ಕ್ಲೀವ್‌ಲ್ಯಾಂಡಿನ ಜೆರ್ರಿ ಸೀಗಲ್ ಬರೆದು ಜೋ ಶುಸ್ಟರ್ ಚಿತ್ರಿಸಿದ ಸೂಪರ್‌ಮ್ಯಾನ್ ಆ ವರ್ಷದ ಜೂನ್ ತಿಂಗಳ ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯಲ್ಲಿ ಬಂದ. ಸಂಚಿಕೆಯ ಬೆಲೆ ಹತ್ತು ಸೆಂಟ್. ಪಾತ್ರದ ಹಕ್ಕಿನ ಸಮೇತ ಇಬ್ಬರಿಗೂ ಸೇರಿ ಸಿಕ್ಕಿದ್ದು 130 ಡಾಲರ್. ಮರುವರ್ಷ ಬ್ಯಾಟ್‌ಮ್ಯಾನ್ ಬಂದ. ಹಿಂದೆಯೇ ಮುಖವಾಡ ಧರಿಸಿದವರ ಒಂದು ದಂಡೇ ಬಂತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಇವರಲ್ಲಿ ಬಹುಪಾಲು ಮಂದಿಯನ್ನು ಕೇಳುವವರಿಲ್ಲದಾಯಿತು. ಅಪರಾಧದ ಕಥೆ, ದೆವ್ವದ ಕಥೆಗಳು ಅಂಗಡಿ ತುಂಬಿದವು. ಮಕ್ಕಳು ಕೆಡಲು ಕಾಮಿಕ್ಸೇ ಕಾರಣವೆಂದು ಮನೋವೈದ್ಯ ಫ್ರೆಡ್ರಿಕ್ ವರ್ತಮ್ 1954ರಲ್ಲಿ ಪುಸ್ತಕವನ್ನೇ ಬರೆದರು. ಸೆನೆಟ್ ಸಮಿತಿ ವಿಚಾರಣೆ ನಡೆಸಿತು. ಬೆದರಿದ ಪ್ರಕಾಶಕರು ‘ಕಾಮಿಕ್ಸ್ ಕೋಡ್’ ಎಂಬ ಕಟ್ಟುಪಾಡನ್ನು ತಾವೇ ಮಾಡಿಕೊಂಡು ತಮ್ಮ ಮೇಲೆ ಹೇರಿಕೊಂಡರು.

ಸೂಪರ್‌ಹೀರೋಗಳ ಎರಡನೇ ಹುಟ್ಟು 1956ರ ಅಕ್ಟೋಬರ್ ತಿಂಗಳ ‘ಶೋಕೇಸ್’ ನಾಲ್ಕನೇ ಸಂಚಿಕೆಯಲ್ಲಿ. ಅದರ ಕಥಾನಾಯಕ ಬ್ಯಾರಿ ಆಲನ್ ಪೊಲೀಸ್ ಇಲಾಖೆಯ ವಿಜ್ಞಾನಿ. ಆತ ಮೊದಲಿಗೆ ಕಾಣಿಸಿಕೊಳ್ಳುವಾಗ ಕೈಯಲ್ಲಿರುವುದು 1940ರ ಕಾಲದ ‘ಫ್ಲ್ಯಾಶ್ ಕಾಮಿಕ್ಸ್’ನ ಹಳೆಯ ಪ್ರತಿ. ಮಿಂಚು ಬಡಿದು ಅತಿವೇಗ ಬಂದಾಗ ತಾನು ಓದಿದ ನಾಯಕನ ಹೆಸರನ್ನೇ ತನಗೂ ಇಟ್ಟುಕೊಳ್ಳುತ್ತಾನೆ. ಅಭಿಮಾನಿಗಳು ‘ಬೆಳ್ಳಿ ಯುಗ’ ಎಂದು ಕರೆಯುವ ಕಾಲಘಟ್ಟ ಆರಂಭವಾದದ್ದೇ ಹಳೆಯ ಕಾಮಿಕ್ಸ್ ಓದುವ ಒಬ್ಬನಿಂದ. ಕಥೆಯ ಈ ಚಮತ್ಕಾರ ಸ್ವಲ್ಪ ಕಾಲದಲ್ಲೇ ಕಥೆಯ ಹೊರಗೂ ನಿಜವಾಯಿತು.

ಈ ಫ್ಲ್ಯಾಶ್‌ನ ಸಂಪಾದಕರು ಜೂಲಿಯಸ್ ಶ್ವಾರ್ಟ್ಜ್. ಅವರೇ ಒಂದು ಕಾಲದ ಅಭಿಮಾನಿ. 1932ರಲ್ಲಿ, ಹದಿಹರೆಯದಲ್ಲಿ, ಗೆಳೆಯ ಮಾರ್ಟ್ ವೈಸಿಂಗರ್ ಜೊತೆ ವೈಜ್ಞಾನಿಕ ಕಥೆಗಳ ಅಭಿಮಾನಿ ಪತ್ರಿಕೆ ಹೊರಡಿಸಿದ್ದವರು. ಹಾಗಾಗಿ ಓದುಗರ ಪತ್ರದ ಬೆಲೆ ಅವರಿಗೆ ಗೊತ್ತಿತ್ತು. 1961ರ ಹೊತ್ತಿಗೆ ಅವರು ಪತ್ರ ಬರೆದವರ ಹೆಸರಿನ ಜೊತೆ ಪೂರ್ತಿ ವಿಳಾಸವನ್ನೂ ಅಚ್ಚು ಮಾಡತೊಡಗಿದರು. ಒಂದು ಊರಿನ ಒಂಟಿ ಓದುಗ ಇನ್ನೊಂದು ಊರಿನ ಒಂಟಿ ಓದುಗನಿಗೆ ನೇರವಾಗಿ ಕಾಗದ ಬರೆಯುವುದು ಇದರಿಂದ ಸಾಧ್ಯವಾಯಿತು.

ಬರೆದುಕೊಳ್ಳಲು ವಿಷಯವೂ ಇತ್ತು. ಹಳೆಯ ಸಂಚಿಕೆಗಳು ಎಲ್ಲೂ ಸಿಗುತ್ತಿರಲಿಲ್ಲ. ಯುದ್ಧಕಾಲದ ಕಾಗದ ಸಂಗ್ರಹಕ್ಕೆ ಎಷ್ಟೋ ಕಂತೆಗಳು ಹೋಗಿದ್ದವು, ಉಳಿದವು ಮನೆ ಗುಡಿಸುವಾಗ ಹೊರಬಿದ್ದಿದ್ದವು. ಡೆಟ್ರಾಯಿಟ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಜೆರ್ರಿ ಬೇಲ್ಸ್ ಬಾಲ್ಯದಲ್ಲಿ ಮೆಚ್ಚಿದ್ದ ‘ಆಲ್ ಸ್ಟಾರ್ ಕಾಮಿಕ್ಸ್’ಗಾಗಿ ಹುಡುಕಿ ಹುಡುಕಿ, ಕೊನೆಗೆ ಅದರ ಕಥೆಗಾರ ಗಾರ್ಡನರ್ ಫಾಕ್ಸ್ ಅವರಿಂದಲೇ ಅವರ ಸ್ವಂತ ಪ್ರತಿಗಳನ್ನು ಕೊಂಡರು. ಅದೇ ಕೋರಿಕೆ ಹೊತ್ತು ಮಿಸೌರಿಯ ತರುಣ ರಾಯ್ ಥಾಮಸ್ ಅವರ ಪತ್ರವೂ ಫಾಕ್ಸ್ ಕೈ ಸೇರಿತು. ಥಾಮಸ್ ಅವರನ್ನು ಫಾಕ್ಸ್ ಬೇಲ್ಸ್ ಕಡೆಗೆ ಕಳಿಸಿದರು. ಈ ಪರಿಚಯದಿಂದ 1961ರ ಮಾರ್ಚ್‌ನಲ್ಲಿ ‘ಆಲ್ಟರ್ ಇಗೋ’ ಎಂಬ ಅಭಿಮಾನಿ ಪತ್ರಿಕೆ ಹೊರಬಂತು. ಅದೇ ವರ್ಷದ ಸೆಪ್ಟೆಂಬರ್ ತಾರೀಖಿನ ‘ದಿ ಫ್ಲ್ಯಾಶ್’ 123ನೇ ಸಂಚಿಕೆಯಲ್ಲಿ ಹೊಸ ಫ್ಲ್ಯಾಶ್ ಇನ್ನೊಂದು ಭೂಮಿಗೆ ದಾಟಿ, ತಾನು ಓದಿ ಬೆಳೆದ ಹಳೆಯ ಫ್ಲ್ಯಾಶ್‌ನನ್ನು ಮುಖಾಮುಖಿ ಭೇಟಿಯಾದ. ಬರೆದವರು ಮತ್ತೆ ಫಾಕ್ಸ್, ಚಿತ್ರ ಕಾರ್ಮೈನ್ ಇನ್‌ಫ್ಯಾಂಟಿನೊ ಅವರದು. ಇಂದು ಸಿನಿಮಾಗಳಲ್ಲಿ ಹೊಸದೆಂಬಂತೆ ಬರುವ ಹಲವು ಲೋಕಗಳ ಕಲ್ಪನೆ ಸೂಪರ್‌ಹೀರೋ ಕಥೆಯಲ್ಲಿ ಗಟ್ಟಿಯಾಗಿ ಬೇರೂರಿದ್ದು ಅಲ್ಲಿ.

ಫ್ಲ್ಯಾಶ್‌ನ ಪ್ರಕಾಶಕರಾದ ಡಿಸಿಯ ಎದುರಾಳಿ ಕಂಪನಿ ಮಾರ್ವೆಲ್‌ನಲ್ಲಿ ಸಂಪಾದಕ ಸ್ಟ್ಯಾನ್ ಲೀ ಓದುಗರ ಪುಟವನ್ನು ಹರಟೆಯ ಜಗಲಿಯಾಗಿಸಿದರು. ಕಥೆಯಲ್ಲಿ ತಪ್ಪು ಹಿಡಿದವರಿಗೆ ‘ನೋ-ಪ್ರೈಜ್’ ಎಂಬ ಬಹುಮಾನ ಘೋಷಿಸಿದರು. ಬಹುಮಾನವೆಂದರೆ ಏನೂ ಇಲ್ಲ. ನಿಜವಾಗಿಯೂ ಏನೋ ಬರುತ್ತದೆಂದು ಓದುಗರು ಕಾದು ಕೇಳತೊಡಗಿದಾಗ, ಒಳಗೆ ಬಹುಮಾನವಿದೆ ಎಂದು ಮೇಲೆ ಅಚ್ಚಾದ ಖಾಲಿ ಲಕೋಟೆಗಳನ್ನು ಕಳಿಸಿದರು. ‘ಫೆಂಟಾಸ್ಟಿಕ್ ಫೋರ್’ನ 1963ರ ಒಂದು ಸಂಚಿಕೆಯ ಪತ್ರಗಳಲ್ಲಿ ಮುಂದೆ ಕಾದಂಬರಿಕಾರರಾಗಿ ಹೆಸರಾದ ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಪತ್ರವೂ ಇದೆ. ರಾಯ್ ಥಾಮಸ್ 1965ರಲ್ಲಿ ಮಾರ್ವೆಲ್ ಸೇರಿ, 1972ರಲ್ಲಿ ಲೀ ಅವರ ನಂತರದ ಪ್ರಧಾನ ಸಂಪಾದಕರಾದರು. ಪತ್ರ ಬರೆಯುತ್ತಿದ್ದವರೇ ಪತ್ರಗಳಿಗೆ ಉತ್ತರ ಕೊಡುವ ಕುರ್ಚಿಗೆ ಬಂದಂತಾಯಿತು.

ಅಂಥ ಉತ್ತರಗಳಲ್ಲಿ ಅತಿ ಹೆಚ್ಚು ಚರ್ಚೆಯಾದದ್ದು ಸ್ಪೈಡರ್‌ಮ್ಯಾನ್‌ನ ಪ್ರೇಯಸಿ ಗ್ವೆನ್ ಸ್ಟೇಸಿ ಸಾವಿನ ಬಗೆಗಿನದು. 1973ರ ಜೂನ್ ತಾರೀಖಿನ ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ 121ನೇ ಸಂಚಿಕೆಯಲ್ಲಿ ಗ್ರೀನ್ ಗಾಬ್ಲಿನ್ ಅವಳನ್ನು ಸೇತುವೆಯಿಂದ ತಳ್ಳುತ್ತಾನೆ. ಸ್ಪೈಡರ್‌ಮ್ಯಾನ್ ಎಸೆದ ಬಲೆ ಅವಳ ಕಾಲಿಗೆ ಸಿಕ್ಕಿ ಅವಳು ನಿಲ್ಲುತ್ತಾಳೆ, ಮೇಲೆಳೆದಾಗ ಸತ್ತಿರುತ್ತಾಳೆ. ಗುಟ್ಟು ಮೊದಲೇ ಬಯಲಾಗದಿರಲೆಂದು ಕಥೆಯ ಶೀರ್ಷಿಕೆಯನ್ನು ಕೊನೆಯ ಪುಟದಲ್ಲಿ ಇಡಲಾಗಿತ್ತು. ಬಲೆ ಬಿಗಿದ ಚೌಕಟ್ಟಿನಲ್ಲಿ ಅವಳ ಕತ್ತಿನ ಬಳಿ ‘ಸ್ನ್ಯಾಪ್’ ಎಂಬ ಪುಟ್ಟ ಸದ್ದನ್ನು ಬರೆದಿದ್ದಾರೆ. ಅವಸರದಲ್ಲಿ ಪುಟ ಮಗುಚುವವರ ಕಣ್ಣಿಗೆ ಅದು ಬೀಳುವುದಿಲ್ಲ. ಬಿದ್ದರೆ ಕಥೆಯ ಅರ್ಥವೇ ಬದಲಾಗುತ್ತದೆ: ಕೊಂದದ್ದು ಖಳನೋ, ಉಳಿಸಲು ಹೋದವನ ಕೈಯೋ? ತಕ್ಷಣ ನಿಂತ ರಭಸಕ್ಕೆ ಕತ್ತು ಮುರಿಯಿತೆಂದು 125ನೇ ಸಂಚಿಕೆಯ ಓದುಗರ ಪುಟದಲ್ಲಿ ಥಾಮಸ್ ಒಪ್ಪಿಕೊಂಡರು. ವಾದ ಅಲ್ಲಿಗೂ ನಿಲ್ಲಲಿಲ್ಲ. ಭೌತವಿಜ್ಞಾನಿ ಜೇಮ್ಸ್ ಕಾಕಾಲಿಯೋಸ್ ಸೂಪರ್‌ಹೀರೋಗಳ ಭೌತವಿಜ್ಞಾನದ ಬಗ್ಗೆ ಬರೆದ ಪುಸ್ತಕದಲ್ಲಿ ನ್ಯೂಟನ್ನನ ನಿಯಮ ಹಿಡಿದು ಲೆಕ್ಕ ಹಾಕಿ, ಥಾಮಸ್ ಹೇಳಿದ್ದೇ ಸರಿ ಎಂದರು. ಸೇತುವೆಯ ಜಗಳವಂತೂ ಇನ್ನೂ ತಮಾಷೆಯದು. ಮಾತಿನಲ್ಲಿ ಜಾರ್ಜ್ ವಾಷಿಂಗ್ಟನ್ ಸೇತುವೆ, ಚಿತ್ರದಲ್ಲಿ ಬ್ರೂಕ್ಲಿನ್ ಸೇತುವೆ!

ಎರಡನೇ ಓದಿನ ಇಂಥ ಕಿತಾಪತಿಗಳ ನಡುವೆ ಒಂದು ಘನವಾದ ಕೆಲಸವೂ ನಡೆದಿದೆ. ಯಾವುದನ್ನು ಯಾರು ಮಾಡಿದರು ಎಂಬ ಲೆಕ್ಕವನ್ನು ಕಂಪನಿಗಳಿಗಿಂತ ನಿಷ್ಠೆಯಿಂದ ಇಟ್ಟವರು ಅಭಿಮಾನಿಗಳು. ದಶಕಗಳ ಕಾಲ ಬ್ಯಾಟ್‌ಮ್ಯಾನ್ ಕಥೆಗಳ ಮೇಲೆ ಇದ್ದದ್ದು ಬಾಬ್ ಕೇನ್ ಒಬ್ಬರ ಹೆಸರು. 1965ರಲ್ಲಿ ಕಥೆಗಾರ ಬಿಲ್ ಫಿಂಗರ್ ಅವರೊಡನೆ ಮಾತನಾಡಿದ ಜೆರ್ರಿ ಬೇಲ್ಸ್, ಆ ಪಾತ್ರದ ರೂಪುರೇಖೆಯಲ್ಲಿ ಫಿಂಗರ್ ಪಾಲು ಎಷ್ಟು ದೊಡ್ಡದೆಂದು ಬರೆದರು. ಕೇನ್ ಕೆರಳಿ ಬಹಿರಂಗ ಪತ್ರದಲ್ಲಿ ಅಲ್ಲಗಳೆದರು. ಫಿಂಗರ್ 1974ರಲ್ಲಿ ತೀರಿಕೊಂಡರು. 1989ರ ಆತ್ಮಕಥೆಯಲ್ಲಿ ಕೇನ್ ಅವರೇ ಮುಖಗವುಸು, ಮೇಲಂಗಿ, ಬೂದು ಬಣ್ಣ ಫಿಂಗರ್ ಸಲಹೆಯೆಂದು ಒಪ್ಪಿದರು. ಫಿಂಗರ್ ಹೆಸರು ಅಧಿಕೃತವಾಗಿ ಸೇರಿದ್ದು 2015ರಲ್ಲಿ.

ಮಾರ್ವೆಲ್‌ನ ಲೆಕ್ಕ ಇನ್ನೂ ಗೋಜಲು. ಅಲ್ಲಿ ಕಥೆಯ ಎಳೆಯನ್ನು ಬಾಯಿಮಾತಿನಲ್ಲಿ ಚರ್ಚಿಸಿ, ಚಿತ್ರಕಾರರು ಪುಟಗಳನ್ನು ಬಿಡಿಸಿದ ಮೇಲೆ ಲೀ ಮಾತು ತುಂಬುತ್ತಿದ್ದರು. 1966ರ ಗ್ಯಾಲಕ್ಟಸ್ ಕಥೆಯ ಪುಟಗಳಲ್ಲಿ ಹಲಗೆಯ ಮೇಲೆ ಆಕಾಶದಲ್ಲಿ ತೇಲುವ ಸಿಲ್ವರ್ ಸರ್ಫರ್‌ನನ್ನು ಕಂಡು ಇವನಾರೆಂದು ಕೇಳಬೇಕಾಯಿತೆಂದು ಲೀ ಅವರೇ ಹೇಳಿದ್ದುಂಟು. ಅವನು ಚಿತ್ರಕಾರ ಜ್ಯಾಕ್ ಕರ್ಬಿ ತಾವಾಗಿ ಸೇರಿಸಿದ ಪಾತ್ರ. ಕರ್ಬಿ ಅವರ ಮೂಲ ಚಿತ್ರಪುಟಗಳ ಅಂಚಿನಲ್ಲಿ ಅವರ ಕೈಬರಹದ ಟಿಪ್ಪಣಿಗಳಿವೆ. ಅವನ್ನೂ ಅಚ್ಚಾದ ಮಾತನ್ನೂ ಎದುರುಬದುರು ಇಟ್ಟು ಓದುವುದು ಈಗ ಒಂದು ಬಗೆಯ ಗ್ರಂಥಸಂಪಾದನೆಯೇ ಆಗಿದೆ. ಸ್ಟೀವ್ ಡಿಟ್ಕೊ ಚಿತ್ರಿಸಿದ ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ 33ನೇ ಸಂಚಿಕೆಗೆ ಟಿಪ್ಪಣಿಯ ಹಂಗಿಲ್ಲ. ಭಾರೀ ಯಂತ್ರದಡಿ ಸಿಕ್ಕಿದ ನಾಯಕ ಮೇಲೇಳಲು ಹೆಣಗುತ್ತಿದ್ದಂತೆ ಚೌಕಟ್ಟುಗಳು ಹಿಗ್ಗುತ್ತ ಹೋಗಿ, ಯಂತ್ರ ಎತ್ತುವ ಕ್ಷಣಕ್ಕೆ ಇಡೀ ಪುಟ ಒಂದೇ ಚಿತ್ರವಾಗುತ್ತದೆ. ಅಲ್ಲಿ ಕಥೆ ಹೇಳುತ್ತಿರುವುದು ಗೆರೆಯೇ.

ಭಾರತದಲ್ಲಿ ಈ ಹವ್ಯಾಸದ ಬೇರು ಲೀ ಫಾಕ್ ಅವರ ಫ್ಯಾಂಟಮ್. ಸೂಪರ್‌ಮ್ಯಾನ್‌ಗಿಂತ ಎರಡು ವರ್ಷ ಮೊದಲೇ, 1936ರಲ್ಲಿ ಹುಟ್ಟಿದ ಈ ಮುಖವಾಡದ ವೀರ 1964ರ ಮಾರ್ಚ್‌ನಿಂದ ‘ಇಂದ್ರಜಾಲ ಕಾಮಿಕ್ಸ್’ ಮೂಲಕ ಮನೆಮನೆಗೆ ಬಂದ. ಇಲ್ಲಿನ ಆವೃತ್ತಿಯಲ್ಲಿ ಅವನ ನಾಡು ಬೆಂಗಾಲ ಎಂಬುದು ಡೆಂಕಾಲಿ ಆಯಿತು, ಸಿಂಗ್ ಎಂಬ ಕಡಲ್ಗಳ್ಳರು ಸಿಂಗ ಆದರು. ಕಾರಣ ಊಹಿಸುವುದು ಕಷ್ಟವಲ್ಲ. ಮೂಲದ ಚಿತ್ರಪಟ್ಟಿಯನ್ನೂ ಇಂದ್ರಜಾಲದ ಪ್ರತಿಯನ್ನೂ ಪಕ್ಕದಲ್ಲಿಟ್ಟು ಇಂಥ ಬದಲಾವಣೆ ಪತ್ತೆ ಹಚ್ಚುವುದು ಇಲ್ಲಿನ ಸಂಗ್ರಾಹಕರ ಮುಖ್ಯ ಖುಷಿ.

ಹಳೆಯ ಪ್ರತಿಯ ಬಣ್ಣಕ್ಕೂ ಒಂದು ಚರಿತ್ರೆಯಿದೆ. ಅಗ್ಗದ ನ್ಯೂಸ್‌ಪ್ರಿಂಟ್ ಮೇಲೆ ಕೆಂಪು, ಹಳದಿ, ನೀಲಿಯ ಚುಕ್ಕೆಗಳನ್ನು ಬೆರೆಸಿ ಅರವತ್ತರಷ್ಟು ಛಾಯೆ ತೆಗೆಯುತ್ತಿದ್ದರು. 1962ರ ಮೊದಲ ಸಂಚಿಕೆಯಲ್ಲಿ ಹಲ್ಕ್ ಬೂದು ಬಣ್ಣದವನು. ಆ ಬೂದು ಅಚ್ಚಿನಲ್ಲಿ ಪುಟಕ್ಕೊಂದು ತೆರನಾಗಿ ಬಂದದ್ದರಿಂದ ಎರಡನೇ ಸಂಚಿಕೆಗೆ ಅವನನ್ನು ಹಸಿರು ಮಾಡಿದರು. ನುಣುಪು ಕಾಗದದ ಈಗಿನ ಸಂಪುಟಗಳಲ್ಲಿ ಅದೇ ಬಣ್ಣಗಳು ಕಣ್ಣಿಗೆ ಹೊಡೆಯುತ್ತವೆ.

ಮೂಲ ಪ್ರತಿ ಈಗ ಹರಾಜಿನ ವಸ್ತು. ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯ ಒಂದು ಪ್ರತಿ 2014ರಲ್ಲಿ 32 ಲಕ್ಷ ಡಾಲರ್‌ಗೆ ಹೋಯಿತು. 2000ದಿಂದೀಚೆಗೆ ಹತ್ತರ ಮಾಪಕದಲ್ಲಿ ಅಂಕ ಕೊಟ್ಟು ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿಡುವ ಪದ್ಧತಿ ಬಂದಿದೆ. ಮುಚ್ಚಿದ ಪ್ರತಿ ಭದ್ರ, ನಿಜ. ಆದರೆ ಅದನ್ನು ಯಾರೂ ಓದಲಾರರು, ಆದ್ದರಿಂದ ಅದರ ಬಗ್ಗೆ ಬೆಲೆಯ ಮಾತು ಬಿಟ್ಟು ಬೇರೆ ಮಾತೂ ಹುಟ್ಟದು. ಓದಲೆಂದೇ ಬಯಸುವವರು ದಪ್ಪ ಸಂಪುಟಗಳಿಗಿಂತ ಮಾರ್ವೆಲ್ ಮತ್ತು ಡಿಸಿ ಇತ್ತೀಚೆಗೆ ಹೊರತರುತ್ತಿರುವ ಬಿಡಿ ಸಂಚಿಕೆಗಳ ಯಥಾಪ್ರತಿ ಆವೃತ್ತಿಗಳನ್ನು ಕೊಳ್ಳುವುದು ಒಳ್ಳೆಯದು. ಅವುಗಳಲ್ಲಿ ಅಂದಿನ ಜಾಹೀರಾತುಗಳೂ ಓದುಗರ ಪತ್ರಗಳೂ ಹಾಗೆಯೇ ಇರುತ್ತವೆ.