ಎಸ್‌ವಿಎನ್ ಹಳೇದು, ಸರಿ. ಬಾಗಿಲು ಎಲ್ಲಿದೆ?

ಬಸವೇಶ್ವರನಗರದ ಹಾವನೂರು ಸರ್ಕಲ್ ಹತ್ರ ಕಾಫಿ ಕುಡೀತಾ ಗೆಳೆಯನಿಗೆ ಕೆಡಿಇಯ ಕನ್ನಡ ಅನುವಾದದ ಬಗ್ಗೆ ಹೇಳ್ತಿದ್ದೆ. ಕಡತಗಳೆಲ್ಲ ಸಬ್‌ವರ್ಷನ್‌ನಲ್ಲಿವೆ ಅಂದದ್ದೇ ತಡ, "ಇನ್ನೂ ಎಸ್‌ವಿಎನ್ನಾ? ಅದಕ್ಕೇ ಯಾರೂ ಬರಲ್ಲ ಬಿಡು" ಅಂದ. ಅವನ ಮಾತು ಅರ್ಧ ಮಾತ್ರ ಸರಿ.

ಲಿನಕ್ಸ್‌ನಲ್ಲಿ ಬಳಸೋ ಈ ಡೆಸ್ಕ್‌ಟಾಪ್‌ನ ಕೋಡ್ 2010ರ ಆಸುಪಾಸಿನಲ್ಲೇ ಗಿಟ್ ಕಡೆ ಹೊರಟಿತು. ಅನುವಾದಗಳು ಎಸ್‌ವಿಎನ್‌ನಲ್ಲೇ ಉಳಿದವು. ಇದು ಸೋಮಾರಿತನ ಅಲ್ಲ. ಎಸ್‌ವಿಎನ್‌ನಲ್ಲಿ ಕನ್ನಡದ ಫೋಲ್ಡರ್ ಒಂದನ್ನೇ ಇಳಿಸಿಕೊಳ್ಳಬಹುದು. ಬೇರೆ ಭಾಷೆಗಳ ಕಡತಗಳು, ವರ್ಷಗಟ್ಟಲೆ ಇತಿಹಾಸ ಯಾವುದೂ ಬೇಡ. 'ಸ್ಕ್ರಿಪ್ಟಿ' ಅನ್ನೋ ಬಾಟ್ ಕೋಡ್‌ನಲ್ಲಿರೋ ಹೊಸ ಇಂಗ್ಲಿಷ್ ಸಾಲುಗಳನ್ನು ಹೆಕ್ಕಿ ಅನುವಾದದ ಕಡತಗಳಿಗೆ ತಂದು ಸೇರಿಸುತ್ತದೆ. 'ಫೈಲ್' ಎದುರು 'ಕಡತ' ಅಂತ ಬರೆಯೋ ಕನ್ನಡ ಮೇಷ್ಟ್ರಿಗೆ ಬ್ರಾಂಚು, ರೀಬೇಸು ಯಾಕೆ? ಈಗ ಗಿಟ್‌ನಲ್ಲೂ ಬೇಕಾದ ಭಾಗ ಮಾತ್ರ ತರಿಸಿಕೊಳ್ಳಬಹುದು, ನಿಜ. ಆದರೆ ಓಡ್ತಿರೋ ಸ್ಕ್ರಿಪ್ಟ್‌ಗಳನ್ನೆಲ್ಲ ತಿರುಗಿ ಬರೆಯೋಕೆ ಸ್ವಯಂಸೇವಕರು ಬೇಕಲ್ಲ.

ಹಳೇ ಟೂಲ್ ಅಂದ ಮಾತ್ರಕ್ಕೆ ಬಾಗಿಲು ಮುಚ್ಚಿರಬೇಕು ಅಂತಲೂ ಇಲ್ಲ. ಓಪನ್‌ಬಿಎಸ್‌ಡಿ ಎಸ್‌ವಿಎನ್‌ಗಿಂತ ಹಳೆಯ ಸಿವಿಎಸ್ ಹಿಡಿದೇ ಬೆಳೆಯಿತು. ಅದೇ ಸಿವಿಎಸ್ ಭಂಡಾರವನ್ನು 1995ರಲ್ಲಿ ಹೊರಗಿನವರೂ ಓದೋ ಹಾಗೆ ತೆರೆದಿಟ್ಟಿತು. ಗಿಟ್ ಹುಟ್ಟೋಕೆ ಇನ್ನೂ ಹತ್ತು ವರ್ಷ ಇತ್ತು.

ನನ್ನ ತಕರಾರು ಬೇರೆ ಕಡೆ ಇದೆ. ಹೊಸಬರು ಅನುವಾದ ಮುಗಿಸಿದ ಮೇಲೆ ಅದನ್ನು ಕಮಿಟ್ ಅನುಮತಿ ಇರೋ ಒಬ್ಬರಿಗೆ ಕಳಿಸಬೇಕು. ಅವರಿಗೆ ಆಫೀಸಲ್ಲಿ ರಿಲೀಸ್ ಒತ್ತಡ ಇದ್ದರೆ ಕಡತ ಇನ್‌ಬಾಕ್ಸಲ್ಲೇ ಕೂರುತ್ತೆ. ಮರ್ಜ್ ರಿಕ್ವೆಸ್ಟ್ ಆಗಿದ್ದರೆ ಅದು ಕಾಯ್ತಿರೋದು ನಾಲ್ಕು ಜನಕ್ಕೆ ಕಾಣ್ತಿತ್ತು. ಇನ್ನೊಂದು ವಿಷಯ: ಗಿಟ್ ಬರೆದವರ ಹೆಸರು, ಸೇರಿಸಿದವರ ಹೆಸರು ಎರಡನ್ನೂ ಬೇರೆಬೇರೆ ಇಡುತ್ತೆ. ಎಸ್‌ವಿಎನ್ ಇತಿಹಾಸದಲ್ಲಿ ಉಳಿಯೋದು ಕಮಿಟ್ ಮಾಡಿದವರ ಹೆಸರೊಂದೇ. ಅನುವಾದಕರ ಹೆಸರು ಕಡತದ ತಲೆಭಾಗದಲ್ಲಿ ಇರುತ್ತೆ ಅನ್ನಿ, ಆದರೆ ಅಲ್ಲಿ ಯಾರು ಹೋಗಿ ನೋಡ್ತಾರೆ? ಸಂಬಳವಿಲ್ಲದ ಕೆಲಸಕ್ಕೆ ಸಿಗೋದೇ ಒಂದು ಹೆಸರು. ಅದೂ ಕಾಣದಿದ್ದರೆ ಎರಡನೇ ಕಡತ ಬರಲ್ಲ.

ಇದಕ್ಕೆ ಗಿಟ್‌ವರೆಗೂ ಕಾಯಬೇಕಿಲ್ಲ. ಕಮಿಟ್ ಸಂದೇಶದಲ್ಲಿ ಅನುವಾದಕರ ಹೆಸರು ಬರೆಯಬಹುದು. ಬಂದ ಕಡತಗಳ ಪಟ್ಟಿಯನ್ನು ಎಲ್ಲರಿಗೂ ಕಾಣೋ ಕಡೆ ಹಾಕಬಹುದು. ಇನ್ನಿಬ್ಬರಿಗೆ ಅನುಮತಿ ಕೊಡಿಸಬಹುದು. ಇವನ್ನು ಮಾಡದೆ ನಾಳೆ ಗಿಟ್‌ಗೆ ಹೋದರೂ, ಕನ್ನಡದ ಕಡತ ಅಲ್ಲೂ ಯಾರದೋ ಒಪ್ಪಿಗೆಗೆ ಕಾಯ್ತಾ ಕೂತಿರುತ್ತೆ.