ಗಾಜಿನ ಮಣಿಯ ಕಣ್ಣು

ಕಣ್ಣಿರುವುದು ಬೇರೆ, ನೋಟವಿರುವುದು ಬೇರೆ. ನಮ್ಮ ಲಾಕ್ಷಣಿಕರು ಈ ಭೇದವನ್ನು ಚೆನ್ನಾಗಿ ಬಲ್ಲವರು. ಭರತನ ನಾಟ್ಯಶಾಸ್ತ್ರವು ದೃಷ್ಟಿಯನ್ನೇ 36 ಬಗೆಯಾಗಿ ವಿಂಗಡಿಸಿದೆ. ಆದರೆ ನಟನಿಗೆ ಹುಬ್ಬು, ಕೆನ್ನೆ, ಕೊರಳುಗಳ ನೆರವುಂಟು. ಹುಣಸೆಬೀಜದಷ್ಟು ಗಾಜಿನ ಮಣಿಯಲ್ಲಿ ಗೂಬೆಯನ್ನೋ ಮೊಲವನ್ನೋ ಮೂಡಿಸುವ ಕುಶಲಿಗೆ ಇರುವುದೇನು? ನಾಲ್ಕೈದು ಚುಕ್ಕೆಗಳು ಮಾತ್ರ. ಇಂಥ ಮಣಿಗಳನ್ನು ಮಕ್ಕಳ ಆಟಿಕೆಯೆಂದು ಬದಿಗೆ ಸರಿಸುವ ರಸಿಕರೊಡನೆ ನನ್ನದೊಂದು ತಕರಾರಿದೆ.

ಕೆಲಸದ ಕ್ರಮ ಹೀಗೆ. ಜೇಡಿಯಂಥ ಲೇಪ ಹಚ್ಚಿದ ಉಕ್ಕಿನ ಸಲಾಕೆಯ ಮೇಲೆ, ಉರಿಯಲ್ಲಿ ಕರಗಿದ ಗಾಜಿನ ಕಡ್ಡಿಯನ್ನು ಸುತ್ತಿ ಪ್ರಾಣಿಯ ಮೈಯನ್ನು ರೂಪಿಸುತ್ತಾರೆ. ಕಣ್ಣಿಗೆ ಮೊದಲು ಬಿಳಿಯ ಬೊಟ್ಟು, ಅದರ ಮೇಲೆ ಬಣ್ಣದ್ದು, ಅದರ ಮೇಲೆ ಪಾಪೆಯ ಕಪ್ಪು. ಕೊನೆಗೆ ಹೊಳಪಿಗೆಂದು ನೂಲಿನಂತೆ ಎಳೆದ ಗಾಜಿನ ತುದಿಯಿಂದ ಬಿಳಿಯ ಕಣವೊಂದು. ಕೆಲವರು ಕಪ್ಪಿನ ಮೇಲೆ ತಿಳಿಗಾಜಿನ ಹನಿಯೊಂದನ್ನು ಕೂರಿಸುತ್ತಾರೆ. ಅದು ಮಸೂರದಂತೆ ಪಾಪೆಯನ್ನು ಹಿಗ್ಗಿಸಿ, ಕೋಣೆಯ ಬೆಳಕನ್ನೇ ಕಣ್ಣಿನ ಬೆಳಕಾಗಿಸುತ್ತದೆ.

ಇಲ್ಲಿ ಅಳಿಸಿ ಬರೆಯುವುದು ಸುಲಭವಲ್ಲ. ಉರಿ ತುಸು ಹೆಚ್ಚಾದರೆ ಬೊಟ್ಟುಗಳು ಹರಡಿ ನೋಟ ಪೆಚ್ಚಾಗುತ್ತದೆ. ಕಡಿಮೆಯಾದರೆ ಅವು ಸರಿಯಾಗಿ ಅಂಟದೆ ಮುಂದೆ ಸಿಡಿದುಹೋಗುತ್ತವೆ. ಸಾಮಾನ್ಯವಾದ ಕಪ್ಪು ಗಾಜು ವಾಸ್ತವವಾಗಿ ಗಾಢ ನೇರಳೆ. ತೆಳುವಾದೊಡನೆ ಗುಟ್ಟು ರಟ್ಟಾಗುತ್ತದೆ. ದಂತವರ್ಣದ ಗಾಜು ವೈಡೂರ್ಯನೀಲಿಯ ಗಾಜನ್ನು ಮುಟ್ಟಿದಲ್ಲಿ ಕಪ್ಪು ಗೆರೆ ಮೂಡುತ್ತದೆ. ಅರಿಯದವನಿಗೆ ಅದು ಕಲೆ, ಅರಿತವನಿಗೆ ಕಾಡಿಗೆ.

ಇಷ್ಟೆಲ್ಲ ಸರಿಯಾದರೂ ನಾನು ಕಂಡ ಮಣಿಗಳಲ್ಲಿ ಬಹುಪಾಲು ಸುಮ್ಮನೆ ಕಣ್ಣು ಬಿಟ್ಟುಕೊಂಡಿರುತ್ತವೆ, ನೋಡುವುದಿಲ್ಲ. ಕಾರಣ ಕಣ್ಣಿನ ಕೊರತೆಯಲ್ಲ, ಕಣ್ಣಿನ ಅತಿಶಯ. ಬಿಳಿಯ ನಟ್ಟನಡುವೆ ಕಪ್ಪನ್ನಿಟ್ಟು ಸುತ್ತಲೂ ಬಿಳಿ ತೋರಿಸಿದರೆ ಯಾವ ಪ್ರಾಣಿಯೂ ಬೆದರಿದಂತೆ ಕಾಣುತ್ತದೆ. ಮೈಬಣ್ಣದ ಎಳೆಯೊಂದನ್ನು ರೆಪ್ಪೆಯಾಗಿ ಮೇಲಂಚಿಗೆ ಹಾಯಿಸಿ ನೋಡಿ: ಬೆಕ್ಕಿಗೆ ತೂಕಡಿಕೆ ಬಂತು. ಅದೇ ಎಳೆ ಮೂಗಿನತ್ತ ಇಳಿದರೆ ಸಿಟ್ಟು, ಹೊರಕ್ಕೆ ಇಳಿದರೆ ದೈನ್ಯ. ಹೊಳಪಿನ ಕಣ ಎರಡು ಕಣ್ಣಿನಲ್ಲೂ ಒಂದೇ ಪಕ್ಕದಲ್ಲಿರಬೇಕು. ಇಲ್ಲವಾದರೆ ನೋಟ ಚೆದರುತ್ತದೆ. ಗೂಬೆಯ ಕಣ್ಣು ಎದುರಿಗೆ, ಮೊಲದ್ದು ಪಕ್ಕಕ್ಕೆ. ಮೇಕೆಯ ಪಾಪೆ ಅಡ್ಡ, ಬೆಕ್ಕಿನದು ಉದ್ದ. ಇವನ್ನು ಮರೆತ ಕುಶಲಿ ಪ್ರಾಣಿಯನ್ನಲ್ಲ, ಗೊಂಬೆಯನ್ನು ಮಾಡುತ್ತಾನೆ.

ತದ್ರೂಪವೇ ಜೀವವೆನ್ನುವವರಿಗೆ ಜರ್ಮನಿಯ ಲೌಷಾ ಎಂಬ ಊರು ಉತ್ತರ ಹೇಳಬಲ್ಲದು. ಉರಿಯ ಮುಂದೆ ಗಾಜು ಕರಗಿಸುವ ಕೈಗಳಿಗೆ ಹೆಸರಾದ ಅಲ್ಲಿ, ಬೊಂಬೆಗಳಿಗೆ ಕಣ್ಣು ಮಾಡುತ್ತಿದ್ದ ಲುಡ್ವಿಗ್ ಮುಲ್ಲರ್-ಊರಿ 1835ರಲ್ಲಿ ಮನುಷ್ಯರಿಗಾಗಿ ಕೃತಕ ಕಣ್ಣುಗಳ ತಯಾರಿಕೆಗೆ ಕೈಹಾಕಿದ. ಅದು ಉಪಕಾರದ ಕೆಲಸ, ಅದ್ಭುತ ನೈಪುಣ್ಯ. ಆದರೂ ಆ ಕಣ್ಣನ್ನು ಅಂಗೈಯಲ್ಲಿಟ್ಟು ನೋಡಿದರೆ ಅದಕ್ಕೆ ಸುಖವಿಲ್ಲ, ದುಃಖವಿಲ್ಲ. ಮುಖದೊಳಗೆ, ರೆಪ್ಪೆಯ ನೆರಳಿನಲ್ಲಿ ಕುಳಿತಾಗಲೇ ಅದಕ್ಕೆ ಭಾವ. ಭಾವವು ಕಣ್ಣಿನದಲ್ಲ, ಸಂಬಂಧದ್ದು. ಆನಂದವರ್ಧನ ಕಾವ್ಯದ ಪದಗಳನ್ನು ಕುರಿತು ಹೇಳಿದ್ದಕ್ಕೂ ಇದಕ್ಕೂ ಬಹಳ ದೂರವಿಲ್ಲ.

ಹಾಗೆಂದು ಬಿಟ್ಟಗಣ್ಣೆಲ್ಲ ದೋಷವೆಂದು ನಾನು ಹೇಳಲಾರೆ. ಕ್ರಿಸ್ತಪೂರ್ವ ಮೊದಲ ಸಹಸ್ರಮಾನದ ನಡುಭಾಗದಲ್ಲಿ ಫಿನೀಷಿಯರೂ ಕಾರ್ಥೇಜಿನವರೂ ಧರಿಸುತ್ತಿದ್ದ ಗಾಜಿನ ತಲೆಮಣಿಗಳಲ್ಲಿ ಮನುಷ್ಯರ ಮುಖಗಳೂ ಟಗರಿನ ತಲೆಗಳೂ ಇವೆ. ಅವುಗಳ ಕಣ್ಣು ಮುಖಕ್ಕೆ ಮೀರಿದ್ದು, ಎವೆಯಿಕ್ಕದ್ದು. ಅವು ರಕ್ಷೆಗಾಗಿ ಕಟ್ಟಿಕೊಂಡವೆಂಬುದು ವಿದ್ವಾಂಸರಲ್ಲಿ ಪ್ರಚಲಿತವಾದ ಅಭಿಪ್ರಾಯ. ಕೆಡುಕನ್ನು ಎದುರಿಸಬೇಕಾದ ಕಣ್ಣು ತೂಕಡಿಸಿದರಾದೀತೆ? ಅಲ್ಲಿ ಅತಿಯೇ ಔಚಿತ್ಯ. ಇಂದಿನ ಮೊಲದ ಮಣಿಗೆ ಆ ಕಾವಲಿನ ಕೆಲಸವಿಲ್ಲ. ಅದು ನಮ್ಮ ಸ್ನೇಹವನ್ನು ಬೇಡುತ್ತದೆ.

ನಮ್ಮ ಶಿಲ್ಪಿಗಳು ವಿಗ್ರಹದ ಕಣ್ಣು ತೆರೆಯುವುದನ್ನು ಕೊನೆಗೆ ಉಳಿಸಿಕೊಂಡು, ನೇತ್ರೋನ್ಮೀಲನವೆಂಬ ಸಂಸ್ಕಾರವನ್ನೇ ಮಾಡಿದರು. ಮಣಿಯ ಕುಶಲಿಗೆ ಮಂತ್ರವಿಲ್ಲ, ಮುಹೂರ್ತವಿಲ್ಲ. ಕೆಲವು ಕ್ಷಣಗಳ ಉರಿಯಷ್ಟೇ. ಆಮೇಲೆ ಮಣಿ ಸುಮಾರು 500 ಡಿಗ್ರಿ ಸೆಂಟಿಗ್ರೇಡಿನ ಗೂಡು ಸೇರಿ ನಿಧಾನವಾಗಿ ಆರುತ್ತದೆ. ಇನ್ನೊಂದು ಚುಕ್ಕೆ ಇಡಬಹುದಾಗಿದ್ದಾಗ ಇಡದೆ ಕೈ ಹಿಂತೆಗೆದವನನ್ನು ನಾನು ಕಲಾವಿದನೆನ್ನುತ್ತೇನೆ. ಹಾಗೆ ಕೈ ತಡೆದುಕೊಳ್ಳುವ ಕವಿಗಳು ನಮ್ಮಲ್ಲಿಯೂ ಇನ್ನಷ್ಟು ಮಂದಿ ಇದ್ದಿದ್ದರೆ ಚೆನ್ನಾಗಿತ್ತು.